ಬಿಟ್ಟು ಬಂದರೆ ಮುಗಿಯಿತೇ?

ಕಳೆದ ಶ್ರಾವಣದಲ್ಲಿ ನಮ್ಮೂರ ಮಠದ ಶಿವಾನುಭವ ಗೋಷ್ಠಿ ಮುಗಿದು ಪ್ರಸಾದಕ್ಕೆ ಏಳುವ ಹೊತ್ತಿನಲ್ಲಿ ಪರಿಚಯದ ರೈತರೊಬ್ಬರು ನನ್ನನ್ನು ಕಂಬದ ಮರೆಗೆ ಕರೆದರು. ಅವರ ಮಗನಿಗೆ 17 ವರ್ಷ. ಕಾಲೇಜು ಬಿಟ್ಟು, ಗಾಂಜಾ ಸೇದುವವರ ಸಂಗಕ್ಕೆ ಬಿದ್ದಿದ್ದಾನೆ ಎಂಬುದು ಊರಿಗೆಲ್ಲ ಗೊತ್ತಿದ್ದ ಗುಟ್ಟು. "ಮಾಸ್ತರ, ಹುಡುಗನ್ನ ಒಂದ್ ಕಡೆ ಬಿಟ್ಟು ಬಂದೇವ್ರಿ. ಆರು ತಿಂಗಳಿಗೆ ಸರಿ ಮಾಡಿ ಕೊಡ್ತಾರಂತ. ನಡುವ ಯಾರೂ ಬರಬಾರದು ಅಂದಾರ. ನಮಗೂ ಅದ ಬೇಕಾಗಿತ್ತು. ಊರಾಗ ಪುಣೆಕ್ಕ ದುಡಿಯಾಕ ಹೋಗ್ಯಾನಂತ ಹೇಳೇವಿ" ಎಂದರು. ಹೇಳಿ ಹಗುರಾದವರಂತೆ ಪ್ರಸಾದಕ್ಕೆ ಹೋಗಿ ಕುಳಿತರು.

ನನಗೆ ಅಂದು ತುತ್ತು ಇಳಿಯಲಿಲ್ಲ. ಸುಟ್ಟುಹೋದ ಬೋರ್‌ವೆಲ್ ಮೋಟಾರನ್ನು ರಿವೈಂಡಿಂಗಿಗೆ ಬಿಟ್ಟು ಬಂದವರ ಮಾತಿನ ಧಾಟಿ ಅದು. ಆದರೆ ಅವರನ್ನು ಆಡಿಕೊಳ್ಳುವ ಹಕ್ಕು ನನಗಿರಲಿಲ್ಲ. ನಾಲ್ಕು ವರ್ಷದ ಹಿಂದೆ ನಾನೂ ಹೀಗೆಯೇ ಬಿಟ್ಟು ಬಂದಿದ್ದೆ. ಹೀಗೆಯೇ ಸುಳ್ಳು ಹೇಳಿದ್ದೆ. ಆ ಕಥೆಯನ್ನು ಈ ಪತ್ರಿಕೆಯ ಓದುಗರ ಮುಂದೆ ಇಡಬೇಕೆಂದು ಅಂದೇ ನಿಶ್ಚಯಿಸಿದೆ. ಮಗನಿಗೆ ಓದಿಸಿ, ಅವನು ಒಪ್ಪಿದ ಮೇಲೆಯೇ ಕಳಿಸಿದ್ದೇನೆ. ಒಂದು ಭಾಗ ಬೇಡವೆಂದ, ತೆಗೆದಿದ್ದೇನೆ.

ನಾನು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿದವನು. ಬಸವ ಜಯಂತಿ ಬಂದರೆ ಸುತ್ತಿನ ಹತ್ತು ಹಳ್ಳಿಗಳಲ್ಲಿ ನನ್ನ ಉಪನ್ಯಾಸ. ಅನುಭವ ಮಂಟಪದ ಬಗ್ಗೆ ಚೀಟಿ ನೋಡದೆ ಒಂದು ತಾಸು ಮಾತಾಡಬಲ್ಲೆ. ಅಲ್ಲಿ ಅಂಬಿಗನೂ ಮಾತಾಡಿದ, ಕಟ್ಟಿಗೆ ಮಾರುವವನೂ ಮಾತಾಡಿದ, ಹೆಣ್ಣುಮಕ್ಕಳೂ ಎದ್ದು ನಿಂತು ಪ್ರಶ್ನೆ ಕೇಳಿದರು, ಎಲ್ಲರ ಮಾತಿಗೂ ಬೆಲೆಯಿತ್ತು ಎಂದು ನಾನು ಹೇಳುವಾಗ ಸಭೆ ಚಪ್ಪಾಳೆ ತಟ್ಟುತ್ತಿತ್ತು. ಮುಂದಿನ ಸಾಲಿನಲ್ಲಿ ನನ್ನ ಮಗ ಕುಳಿತಿರುತ್ತಿದ್ದ. ಅವನು ಚಪ್ಪಾಳೆ ತಟ್ಟುವುದನ್ನು ಯಾವಾಗ ನಿಲ್ಲಿಸಿದನೋ ನಾನು ಗಮನಿಸಲಿಲ್ಲ.

ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಬಂದವು. ವಿಜ್ಞಾನ ಕೊಡಿಸಿ, ನೀಟ್ ತರಬೇತಿಯಿರುವ ಕಾಲೇಜಿನ ಹಾಸ್ಟೆಲಿನಲ್ಲಿ ಸೇರಿಸಿದೆ. ಅವನಿಗೆ ಮನಸ್ಸಿದೆಯೋ ಇಲ್ಲವೋ ಕೇಳಲಿಲ್ಲ. ಕೇಳಬೇಕೆಂದು ಹೊಳೆಯಲೂ ಇಲ್ಲ. ದೀಪಾವಳಿಗೆ ಬಂದವನು ಕೋಣೆಯಿಂದ ಹೊರಬರಲಿಲ್ಲ. ಊಟ ಬಿಟ್ಟ, ರಾತ್ರಿ ನಿದ್ದೆ ಬಿಟ್ಟ. ತೋಳಿನ ಮೇಲೆ ತಾನೇ ಮಾಡಿಕೊಂಡ ಗಾಯಗಳಿದ್ದವು. ಕೊರಳಲ್ಲಿ ಕರಡಿಗೆ ಇರಲಿಲ್ಲ. ನಾಚಿಕೆಯಿಂದ ಹೇಳುತ್ತೇನೆ, ನನಗೆ ಮೊದಲು ಸಿಟ್ಟು ಬಂದದ್ದು ಕರಡಿಗೆ ಇಲ್ಲದ್ದಕ್ಕೆ. ತೋಳಿನ ಗಾಯ ಕಂಡು ಅತ್ತವಳು ಅವನ ತಾಯಿ.

ಮೊದಲು ಬಂಧುಗಳ ಮಾತು ಕೇಳಿ ಜಾತಕ ನೋಡುವವರ ಬಾಗಿಲಿಗೆ ಹೋದೆವು. ಪಂಚಾಂಗ, ಮುಹೂರ್ತ, ಗ್ರಹಬಾಧೆಗಳನ್ನು ಶರಣರು ಒಪ್ಪಲಿಲ್ಲವೆಂದು ವೇದಿಕೆಯಲ್ಲಿ ಗುಡುಗಿದ ನಾನು ಮನೆಗೆ ಕಷ್ಟ ಬಂದಾಗ ಮಗನ ರಟ್ಟೆಗೆ ತಾಯತ ಕಟ್ಟಿಸಿದೆ. ಅದರಿಂದ ಆಗುವುದೇನೂ ಇರಲಿಲ್ಲ, ಆಗಲೂ ಇಲ್ಲ. ಆಮೇಲೆ ಯಾರೋ ಒಂದು ಖಾಸಗಿ ಕೇಂದ್ರದ ವಿಳಾಸ ಕೊಟ್ಟರು. ಊರ ಹೊರಗೆ ಎತ್ತರದ ಕಾಂಪೌಂಡು, ಗೇಟಿಗೆ ಬೀಗ. ದುಡ್ಡು ಕಟ್ಟಿಸಿಕೊಂಡವರು ಹೇಳಿದ್ದು ಒಂದೇ ಮಾತು: "ಕರಿಯೂತನಾ ಬರಬ್ಯಾಡ್ರಿ. ನೀವು ಬಂದ್ರ ಹುಡುಗ ಹಟ ಮಾಡ್ತಾನ."

ಆ ಮಾತು ಕೇಳಿ ನನ್ನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಇದನ್ನು ಮುಚ್ಚಿಡದೆ ಹೇಳಬೇಕು. ಇಂಥ ಕೇಂದ್ರಗಳು ನಡೆಯುವುದು ಅವುಗಳ ದುರಾಸೆಯಿಂದ ಮಾತ್ರವಲ್ಲ. ನಮ್ಮಂಥ ತಂದೆತಾಯಿಗಳಿಗೆ ಮಗುವಿನ ನೋವನ್ನು ಕಣ್ಣೆದುರು ನೋಡದೆ ಇರಲು ಒಂದು ಅಪ್ಪಣೆ ಬೇಕಾಗಿರುತ್ತದೆ. ಅದನ್ನು ಅವು ಮಾರುತ್ತವೆ, ನಾವು ಕೊಳ್ಳುತ್ತೇವೆ.

40 ದಿನಕ್ಕೆ ಅವನ ತಾಯಿ ತಡೆಯಲಾರದೆ ಹೋಗಿ ಗೇಟು ಬಡಿದಳು. ಮಗನನ್ನು ಕುಡಿತದ ಚಟವಿದ್ದ ದೊಡ್ಡವರ ನಡುವೆ ಮಲಗಿಸಿದ್ದರು. ಮಣಿಕಟ್ಟಿನಲ್ಲಿ ಹಗ್ಗದ ಗುರುತಿತ್ತು. ಮನೆಗೆ ಬಂದವನು ಎರಡು ತಿಂಗಳು ನಮ್ಮಿಬ್ಬರೊಡನೆಯೂ ಮಾತಾಡಲಿಲ್ಲ. ಒಂದು ದಿನ, ತನಗೆ ಬದುಕು ಬೇಡವೆಂದು ಬರೆದ ಚೀಟಿ ಅವನ ತಂಗಿಯ ಕೈಗೆ ಸಿಕ್ಕಿತು. ಆಗ ಮಾತ್ರ ನಾವು ಸರ್ಕಾರಿ ಆಸ್ಪತ್ರೆಯ ಮನೋವೈದ್ಯರ ಮುಂದೆ ಹೋಗಿ ಕುಳಿತೆವು.

ಅಲ್ಲಿ ವೈದ್ಯರು ಹೇಳಿದ ಮೊದಲ ಮಾತು ಹಿಂದಿನ ಕೇಂದ್ರದವರ ಮಾತಿಗೆ ಪೂರ್ತಿ ವಿರುದ್ಧವಾಗಿತ್ತು. "ಅಡ್ಮಿಟ್ ಮಾಡ್ಕೊಳ್ತೀವಿ. ಆದರೆ ನಿಮ್ಮಲ್ಲಿ ಒಬ್ಬರು ಹಗಲೂ ರಾತ್ರಿ ಇಲ್ಲೇ ಇರಬೇಕು." ನಾನು ಶಾಲೆ, ಪರೀಕ್ಷೆ, ರಜೆಯ ಲೆಕ್ಕ ಹೇಳತೊಡಗಿದೆ. ಅವರು ಪೆನ್ನು ಕೆಳಗಿಟ್ಟು, "ಸರ್, ಇದು ನನ್ನ ಷರತ್ತಲ್ಲ, ಕಾನೂನು" ಎಂದರು.

ಕಾನೂನು ಏನನ್ನುತ್ತದೆ?

ನಮ್ಮಲ್ಲಿ ಬಹುಪಾಲು ಜನರಿಗೆ ಈ ಕಾನೂನು ಗೊತ್ತಿಲ್ಲ. ಗೊತ್ತಿದ್ದರೆ ನನ್ನ ಮಗನ 40 ದಿನಗಳು ಹಾಗೆ ಹೋಗುತ್ತಿರಲಿಲ್ಲ. ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 87ನೇ ಕಲಮು 18 ವರ್ಷ ತುಂಬದವರ ಒಳರೋಗಿ ಚಿಕಿತ್ಸೆಯ ಬಗ್ಗೆ ಇದೆ. ಮದ್ಯ, ಮಾದಕ ವಸ್ತುಗಳ ಚಟದಿಂದ ಬರುವ ಮನೋವಿಕಾರಗಳೂ ಈ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಮಗುವನ್ನು ಒಳರೋಗಿಯಾಗಿ ಸೇರಿಸುವುದು ಬೇರೆ ದಾರಿ ಸಾಲದಾದಾಗ ಮಾತ್ರ. ಸೇರಿಸುವ ಮೊದಲು ಇಬ್ಬರು ಮನೋವೈದ್ಯರು, ಅಥವಾ ಒಬ್ಬ ಮನೋವೈದ್ಯ ಮತ್ತು ಇನ್ನೊಬ್ಬ ತಜ್ಞ ಅಥವಾ ವೈದ್ಯ, ಬೇರೆ ಬೇರೆಯಾಗಿ ಪರೀಕ್ಷಿಸಿ ಒಪ್ಪಬೇಕು. ಮಗುವಿನ ಇಚ್ಛೆ ಏನೆಂಬುದನ್ನೂ ಗಣನೆಗೆ ತೆಗೆದುಕೊಳ್ಳಬೇಕು. ದೊಡ್ಡವರ ವಾರ್ಡಿನಲ್ಲಿ ಮಲಗಿಸುವಂತಿಲ್ಲ, ಮಕ್ಕಳಿಗೆ ಬೇರೆಯೇ ವ್ಯವಸ್ಥೆ ಬೇಕು. ಮಗುವಿನ ಪ್ರತಿನಿಧಿ, ಅಂದರೆ ಸಾಮಾನ್ಯವಾಗಿ ತಂದೆ ಅಥವಾ ತಾಯಿ, ಇಲ್ಲವೇ ಅವರು ನೇಮಿಸಿದ ಒಬ್ಬರು, ಸೇರಿದ ದಿನದಿಂದ ಬಿಡುಗಡೆಯ ದಿನದವರೆಗೆ ಜೊತೆಗೇ ಇರಬೇಕು. ಹೆಣ್ಣುಮಗುವಿನ ಪ್ರತಿನಿಧಿ ಗಂಡಸಾಗಿದ್ದರೆ ಜೊತೆಗಿರಲು ಹೆಣ್ಣುಮಗಳೊಬ್ಬಳನ್ನು ನೇಮಿಸಬೇಕು. ಸೇರಿಸಿದ 72 ಗಂಟೆಗಳೊಳಗೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ತಿಳಿಸಬೇಕು. ಚಿಕಿತ್ಸೆ 30 ದಿನ ಮೀರಿದರೆ ಮಂಡಳಿ ಅದನ್ನು ಪರಿಶೀಲಿಸಬೇಕು.

ಅದೇ ಕಾಯ್ದೆಯ 95ನೇ ಕಲಮು ಸರಪಳಿಯಲ್ಲಿ ಬಂಧಿಸುವುದನ್ನು ಯಾವ ರೂಪದಲ್ಲೂ ಒಪ್ಪುವುದಿಲ್ಲ. ಈ ಮಾತು ಕಾನೂನಿನ ಪುಸ್ತಕಕ್ಕೆ ಸುಮ್ಮನೆ ಬಂದದ್ದಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ಸುತ್ತ ಬೆಳೆದಿದ್ದ ಖಾಸಗಿ ಆಶ್ರಯತಾಣವೊಂದಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿಹಾಕಿದ್ದ 25ಕ್ಕೂ ಹೆಚ್ಚು ರೋಗಿಗಳು ಓಡಲಾರದೆ ಸುಟ್ಟು ಸತ್ತರು. ದೇವರ ಸನ್ನಿಧಿಯಲ್ಲಿ ಗುಣವಾಗಲಿ ಎಂದು ಅವರನ್ನು ಅಲ್ಲಿ ಬಿಟ್ಟು ಹೋದವರು ಅವರ ಮನೆಯವರೇ. ಅದು ಬೇರೆ ಧರ್ಮದವರ ಜಾಗ, ನಮಗೇನು ಎನ್ನುವಂತಿಲ್ಲ. ಬಿಟ್ಟು ಬರುವ ಮನಸ್ಸು ಎಲ್ಲ ಧರ್ಮದವರಲ್ಲೂ ಒಂದೇ.

ಇನ್ನೊಂದು ಸಂಗತಿ ನಾನು ಆಸ್ಪತ್ರೆಯಲ್ಲಿಯೇ ಕಲಿತದ್ದು. ಮನೆಯವರನ್ನು ಚಿಕಿತ್ಸೆಯೊಳಗೆ ಕರೆದುಕೊಳ್ಳುವುದು ಪರದೇಶದಿಂದ ತಂದ ಫ್ಯಾಶನ್ ಅಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ರೋಗಿಗಳ ಮನೆಯವರಿಗೆ ಆವರಣದಲ್ಲೇ ಡೇರೆ ಹಾಕಿಸಿ ಉಳಿಸಿಕೊಂಡರು. ಜೊತೆಗೆ ಮನೆಯವರಿದ್ದ ರೋಗಿಗಳು ಬೇಗ ಚೇತರಿಸಿಕೊಂಡರು, ಮನೆಗೆ ಮರಳಿದರು. ವೆಲ್ಲೂರಿನಲ್ಲಿಯೂ ಅದೇ ದಾರಿ ಹಿಡಿದರು. ಗೋಡೆ ಕಟ್ಟಿ ರೋಗಿಯನ್ನು ಬೇರೆ ಮಾಡುವುದು ಲೋಕದ ರೂಢಿಯಾಗಿದ್ದ ಕಾಲದಲ್ಲಿ ಗೋಡೆಯೊಳಗೆ ಮನೆಯನ್ನೇ ಕರೆದುಕೊಂಡದ್ದು ನಮ್ಮ ದೇಶದ ವೈದ್ಯರ ದೊಡ್ಡ ಕೆಲಸ.

ಜೊತೆಗಿರುವುದು ಬೇರೆ, ಆಳುವುದು ಬೇರೆ

ನಾನು 24 ದಿನ ಆಸ್ಪತ್ರೆಯಲ್ಲಿದ್ದೆ. ಮೊದಲ ವಾರ ಹೇಗಿದ್ದೆನೆಂದರೆ, ಮಗನ ಪಕ್ಕದಲ್ಲಿ ಅಲ್ಲ, ಮಗನ ತಲೆಯ ಮೇಲೆ ಇದ್ದೆ. ಮಾತ್ರೆ ನುಂಗಿದೆಯಾ, ಹಲ್ಲುಜ್ಜಿದೆಯಾ, ಯಾಕೆ ಹಾಗೆ ಕೂತಿದ್ದೀಯಾ, ವೈದ್ಯರ ಹತ್ತಿರ ಏನು ಹೇಳಿದೆ. ಹಾಜರಿ ಕರೆದು ರೂಢಿಯಾದ ಬಾಯಿ.

ಎಂಟನೆಯ ದಿನ ವೈದ್ಯರು ನಮ್ಮ ಮೂವರನ್ನೂ ಕೂರಿಸಿಕೊಂಡರು. ಮಗನಿಗೆ, "ರಾತ್ರಿ ನಿದ್ದೆ ಹೇಗಿದೆ?" ಎಂದು ಕೇಳಿದರು. "ಈಗ ಅಡ್ಡಿಯಿಲ್ರಿ, ಹತ್ತಕ್ಕ ಮಲಗ್ತಾನ" ಎಂದೆ ನಾನು. "ಊಟ?" ಎಂದರು. "ಎರಡು ರೊಟ್ಟಿ ತಿಂತಾನ್ರಿ" ಎಂದೆ. "ಮನೇಲಿ ಯಾವುದು ನಿನಗೆ ಕಷ್ಟ ಅನ್ನಿಸ್ತದೆ?" ಎಂದರು. ನಾನು ಬಾಯಿ ತೆರೆದೆ. ವೈದ್ಯರು ಕೈಯೆತ್ತಿ, "ಸರ್, ಅವನ ಉತ್ತರ ಅವನೇ ಹೇಳಲಿ" ಎಂದರು.

ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಮಗ ನೆಲ ನೋಡುತ್ತಲೇ ಹೇಳಿದ: "ಅಪ್ಪಾಜಿ ಮನ್ಯಾಗ ಮಾತಾಡೂದಿಲ್ರಿ ಡಾಕ್ಟರ. ಭಾಷಣ ಮಾಡ್ತಾರ್ರಿ."

ಮೂವತ್ತು ವರ್ಷದ ನನ್ನ ಉಪನ್ಯಾಸಗಳಿಗೆಲ್ಲ ಅದು ಉತ್ತರವಾಗಿತ್ತು. ಹನ್ನೆರಡನೆಯ ಶತಮಾನದ ಅನುಭವ ಮಂಟಪವನ್ನು ನಾನು ಊರೂರಿಗೆ ಹೊತ್ತು ತಿರುಗಿದ್ದೆ. ನನ್ನ ಮನೆಯ ಪಡಸಾಲೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಬಾಲಕ ಬಸವಣ್ಣನವರು ಉಪನಯನ ಒಲ್ಲೆನೆಂದು ಬಾಗೇವಾಡಿಯ ತಂದೆಯ ಮನೆ ಬಿಟ್ಟು ಹೊರಟರು ಎಂದು ಪ್ರತಿ ಜಯಂತಿಗೆ ಹೆಮ್ಮೆಯಿಂದ ಹೇಳುತ್ತೇವೆ. ನಮ್ಮ ಮಗ "ವಿಜ್ಞಾನ ಒಲ್ಲೆ" ಎಂದರೆ ಅವನನ್ನು ಉದ್ಧಟ ಎನ್ನುತ್ತೇವೆ. ಆ ಬಾಲಕನ ಜೊತೆಗೆ ಅಕ್ಕನಾಗಮ್ಮ ನಿಂತರು ಎಂಬ ಮಾತನ್ನು ಹೇಳುತ್ತೇವೆ, ಆದರೆ ಅದರಿಂದ ಏನನ್ನೂ ಕಲಿಯುವುದಿಲ್ಲ. ಆಕೆ ತಮ್ಮನಿಗೆ ಉಪದೇಶ ಮಾಡಿದ್ದು ನಮಗೆ ನೆನಪಿಲ್ಲ. ಜೊತೆಗಿದ್ದದ್ದು ನೆನಪಿದೆ.

ಪೋಷಕರು ಚಿಕಿತ್ಸೆಯಲ್ಲಿ ಪಾಲ್ಗೊಳ್ಳಬೇಕು ಎಂದಾಗ ನಮ್ಮವರು ಎರಡು ತಪ್ಪು ಮಾಡುತ್ತಾರೆ. ಒಂದು, ಬಿಟ್ಟು ಬರುವುದು. ಇನ್ನೊಂದು, ಚಿಕಿತ್ಸೆಯನ್ನೇ ತಮ್ಮ ಕೈಗೆ ತೆಗೆದುಕೊಳ್ಳುವುದು. ಎರಡನೆಯದು ಪ್ರೀತಿಯ ವೇಷದಲ್ಲಿ ಬರುವುದರಿಂದ ಗುರುತಿಸುವುದು ಕಷ್ಟ. ಮಗು ವೈದ್ಯರ ಹತ್ತಿರ ಏಕಾಂತದಲ್ಲಿ ಹೇಳಿದ್ದನ್ನು ನಮಗೂ ತಿಳಿಸಿ ಎಂದು ಪಟ್ಟು ಹಿಡಿಯುತ್ತೇವೆ. ಜೀವಕ್ಕೆ ಅಪಾಯವಿರುವ ಸಂಗತಿಯಾದರೆ ವೈದ್ಯರೇ ತಿಳಿಸುತ್ತಾರೆ. ಉಳಿದದ್ದು ಆ ಮಗುವಿನದು. ನಾಲ್ಕು ದಿನ ನಗುಮುಖ ಕಂಡರೆ, "ಆರಾಮಾದ, ಕಳಿಸಿಬಿಡ್ರಿ" ಎನ್ನುತ್ತೇವೆ. ಪರೀಕ್ಷೆ ಬಂತು, ಮನೆಯಲ್ಲಿ ಮದುವೆಯಿದೆ, ಜಾತ್ರೆಯಿದೆ, ಬೀಗರು ಕೇಳುತ್ತಿದ್ದಾರೆ ಎಂದು ಅರ್ಧಕ್ಕೇ ಕರೆದುಕೊಂಡು ಹೋಗುತ್ತೇವೆ. ಪ್ರತಿನಿಧಿ ಬೇಡವೆಂದರೆ ಮಗುವನ್ನು ಇಟ್ಟುಕೊಳ್ಳುವಂತಿಲ್ಲ ಎಂದು ಕಾಯ್ದೆಯಿದೆ. ಆ ಅಧಿಕಾರ ನಮ್ಮ ಕೈಯಲ್ಲಿರುವುದು ಮಗುವಿನ ಒಳಿತಿಗೆ, ಮನೆಯ ಮರ್ಯಾದೆಗಲ್ಲ.

ಪಕ್ಕದ ಕೋಣೆಯಲ್ಲಿ 15 ವರ್ಷದ ಹುಡುಗಿಯೊಬ್ಬಳಿದ್ದಳು. ಅವಳ ತಾಯಿ ಕೂಲಿ ಬಿಟ್ಟು ಜೊತೆಗಿದ್ದರು. ತಂದೆ ಭಾನುವಾರಕ್ಕೊಮ್ಮೆ ಬಂದು ಬಾಗಿಲಲ್ಲೇ ನಿಂತು, ಖರ್ಚಿನ ಲೆಕ್ಕ ಕೇಳಿ ಹೋಗುತ್ತಿದ್ದರು. ವಾರ್ಡಿನಲ್ಲಿ ನೋಡಿದರೆ ಜೊತೆಗಿದ್ದವರಲ್ಲಿ ಹೆಚ್ಚಿನವರು ತಾಯಂದಿರು, ಅಜ್ಜಿಯರು, ಅಕ್ಕಂದಿರು. ಮಗು ರ‍್ಯಾಂಕು ಬಂದರೆ ತಂದೆಯ ಹೆಸರು, ಹಾಸಿಗೆ ಹಿಡಿದರೆ ತಾಯಿಯ ಪಾಲು. ಹೆಣ್ಣು ಗಂಡು ಸಮ ಎಂದು ಸಾರಿದ ಧರ್ಮದವರು ನಾವು. ಆಸ್ಪತ್ರೆಯ ಬೆಂಚಿನ ಮೇಲೆ ಆ ಸಮತೆ ಕಾಣಬೇಕಲ್ಲವೇ?

ಒಂಬತ್ತನೆಯ ದಿನದಿಂದ ನಾನು ಕೆಲವು ಸಣ್ಣ ಕೆಲಸ ಕಲಿತೆ. ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಕಾಯುವುದು. ಅವನು ಸುಮ್ಮನಿದ್ದರೆ ನಾನೂ ಸುಮ್ಮನಿರುವುದು. ಸಂಜೆ ಆವರಣದ ಬೇವಿನ ಮರದ ಕೆಳಗೆ ಇಬ್ಬರೂ ಚಹಾ ಕುಡಿಯುವುದು, ಆಗ ಓದಿನ ಮಾತು ಎತ್ತದಿರುವುದು. ಹೇಳುವಾಗ ಇವು ಏನೂ ಅಲ್ಲ. ನನಗೆ ಮಾತ್ರ ವಚನ ಕಂಠಪಾಠ ಮಾಡಿದ್ದಕ್ಕಿಂತ ಕಷ್ಟವಾದವು.

ಮನೆಗೂ ಚಿಕಿತ್ಸೆ ಬೇಕು

ಇಳಕಲ್ಲಿನ ಮಹಾಂತಪ್ಪಗಳನ್ನು ನೆನೆಯದೆ ಈ ಮಾತು ಪೂರ್ತಿಯಾಗುವುದಿಲ್ಲ. ಚಿತ್ತರಗಿ-ಇಳಕಲ್ಲ ಪೀಠದ ಡಾ. ಮಹಾಂತ ಸ್ವಾಮಿಗಳು 1975ರಿಂದ ಜೋಳಿಗೆ ಹಿಡಿದು ಊರೂರು, ಓಣಿ ಓಣಿ ತಿರುಗಿದರು. ಕಾಳು ಕಡಿ ಬೇಡಲಿಲ್ಲ. ನಿಮ್ಮ ಚಟಗಳನ್ನು ಈ ಜೋಳಿಗೆಗೆ ಹಾಕಿ ಎಂದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ.

ಆ ಜೋಳಿಗೆಯಲ್ಲಿ ಒಂದು ಪಾಠವಿದೆ. ಚಟವಿದ್ದವನನ್ನು ಮಠಕ್ಕೆ ತಂದು ಬಿಟ್ಟುಹೋಗಿ ಎಂದು ಅವರು ಹೇಳಲಿಲ್ಲ. ತಾವೇ ಅವನ ಮನೆ ಬಾಗಿಲಿಗೆ ಹೋದರು. ಅಲ್ಲಿ ಹೆಂಡತಿ ಮಕ್ಕಳ ಎದುರು, ಓಣಿಯವರ ಎದುರು ಅವನು ಚಟವನ್ನು ಜೋಳಿಗೆಗೆ ಹಾಕಬೇಕಿತ್ತು. ಮನೆಯೂ ಓಣಿಯೂ ಸಾಕ್ಷಿ. ಬಿಡುವವನು ಒಬ್ಬನಾದರೂ ಅದನ್ನು ಕಾಯಬೇಕಾದವರು ಎಲ್ಲರೂ.

ಚಿಕಿತ್ಸೆಯೂ ಹಾಗೆಯೇ. ಮಗು ಆಸ್ಪತ್ರೆಯಲ್ಲಿ ಕೆಲವೇ ವಾರ ಇರುತ್ತದೆ. ಉಳಿದ ಬದುಕೆಲ್ಲ ಮನೆಯಲ್ಲಿ. ಮಗು ಬದಲಾಗಿ ಬಂದು ಮನೆ ಹಾಗೆಯೇ ಇದ್ದರೆ ಗುಣವಾಗುವುದು ಹೇಗೆ? ಅಪ್ಪ ಕುಡಿಯುವುದನ್ನು ಬಿಡದೆ ಮಗ ಗಾಂಜಾ ಬಿಡಲಿ ಎನ್ನುವ ಮನೆಗಳಿವೆ. ದಿನವೂ ಪಕ್ಕದ ಮನೆಯ ಹುಡುಗನ ಅಂಕಗಳನ್ನು ಹೇಳಿ ಚುಚ್ಚುವ ಮನೆಗಳಿವೆ. ನನ್ನ ಮನೆಯಲ್ಲಿ ಬದಲಾಗಬೇಕಾದ್ದು ನನ್ನ ನಾಲಿಗೆ. ಅದಕ್ಕೆ ಆಸ್ಪತ್ರೆಯವರು ಮಾತ್ರೆ ಕೊಡಲಿಲ್ಲ, ನಾನೇ ಪಥ್ಯ ಮಾಡಬೇಕಾಯಿತು.

ಬಿಡುಗಡೆಯ ದಿನ ವೈದ್ಯರು ಒಂದು ಹಾಳೆಯಲ್ಲಿ ಬರೆದುಕೊಟ್ಟರು: ಮಾತ್ರೆ ಯಾವಾಗ, ಮರುಭೇಟಿ ಯಾವಾಗ, ಅವನು ಮತ್ತೆ ಕುಸಿಯುತ್ತಿದ್ದಾನೆ ಎಂಬುದರ ಲಕ್ಷಣಗಳೇನು, ಆಗ ಯಾರಿಗೆ ಹೇಳಬೇಕು. ಕೊನೆಯ ಸಾಲು ಮಗನೇ ಹೇಳಿ ಬರೆಯಿಸಿದ್ದು. ಮನಸ್ಸು ಕೆಟ್ಟಾಗ ತಾನು ಮೊದಲು ಹೇಳುವುದು ತಂಗಿಗೆ, ಆಮೇಲೆ ಅವ್ವನಿಗೆ. ನನ್ನ ಹೆಸರು ಆ ಹಾಳೆಯಲ್ಲಿ ಮೂರನೆಯದು. ಆ ಹಾಳೆ ಇನ್ನೂ ನಮ್ಮ ದೇವರ ಮನೆಯ ಗೋಡೆಯ ಮೇಲಿದೆ.

ಎರಡು ಆಕ್ಷೇಪಗಳು

ಮೊದಲನೆಯದು: ಮನೆಯೇ ಮಗುವಿನ ನೋವಿಗೆ ಕಾರಣವಾಗಿದ್ದರೆ? ಹೊಡೆಯುವ, ಅದಕ್ಕಿಂತ ಕೆಟ್ಟದ್ದನ್ನು ಮಾಡುವ ಮನೆಗಳೂ ಇವೆ. ಅಂಥಲ್ಲಿ ಪೋಷಕರು ಎಂಬ ಒಂದೇ ಕಾರಣಕ್ಕೆ ಅವರನ್ನು ಮಗುವಿನ ಪಕ್ಕದಲ್ಲಿ ಕೂರಿಸುವುದು ಅನ್ಯಾಯ. ಕಾಯ್ದೆ ಇದನ್ನೂ ಯೋಚಿಸಿದೆ. ಪ್ರತಿನಿಧಿ ಮಗುವಿನ ಹಿತಕ್ಕೆ ನಡೆಯುತ್ತಿಲ್ಲವೆಂದು ಕಂಡರೆ ಪರಿಶೀಲನಾ ಮಂಡಳಿ ಬೇರೊಬ್ಬರನ್ನು ನೇಮಿಸಬಹುದು. ಮಕ್ಕಳ ಸಹಾಯವಾಣಿ 1098 ಇದೆ. ಬಂಧುತ್ವ ರಕ್ತದಿಂದಲ್ಲ, ನಡೆಯಿಂದ ಎಂಬುದು ಶರಣರ ನಿಲುವು. ಆಪತ್ತಿನಲ್ಲಿರುವ ಮಗುವಿಗೆ ದೊಡ್ಡಮ್ಮನೋ ಶಿಕ್ಷಕಿಯೋ ತಾಯಿಯಾಗಬಹುದು.

ಎರಡನೆಯದು: ಬಡವರು ಕೂಲಿ ಬಿಟ್ಟು ತಿಂಗಳುಗಟ್ಟಲೆ ಜೊತೆಗಿರುವುದು ಹೇಗೆ? ಇದು ನಿಜವಾದ ಕಷ್ಟ, ಉಪದೇಶದಿಂದ ತೀರುವುದಲ್ಲ. ಇಲ್ಲಿಯೇ ನಾನು ಮಠಗಳ ಕಡೆಗೆ ತಿರುಗುತ್ತೇನೆ.

ಮಠಗಳಲ್ಲಿ ನನ್ನ ಬಿನ್ನಹ

ನಾಡಿನ ಬಡಮಕ್ಕಳಿಗೆ ಅನ್ನ, ಅಕ್ಷರ, ಆಸರೆ ಕೊಟ್ಟ ಕೀರ್ತಿ ನಮ್ಮ ಮಠಗಳದು. ಸಿದ್ಧಗಂಗೆಯ ಡಾ. ಶಿವಕುಮಾರ ಸ್ವಾಮಿಗಳು 2019ರಲ್ಲಿ ಲಿಂಗೈಕ್ಯರಾದಾಗ ಜಾತಿ ಮತ ಎನ್ನದೆ ನಾಡೇ ಕಣ್ಣೀರಿಟ್ಟದ್ದು ಆ ಪ್ರಸಾದ ನಿಲಯದ ಋಣಕ್ಕೆ. ಸಾವಿರಾರು ಹದಿಹರೆಯದ ಮಕ್ಕಳು ಇಂದಿಗೂ ಮಠಗಳ ನೆರಳಲ್ಲಿ ಬೆಳೆಯುತ್ತಿದ್ದಾರೆ. ಎಂದರೆ, ಈ ಕಷ್ಟ ಮಠದ ಹೊರಗಿನದಲ್ಲ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದ ಮಕ್ಕಳಲ್ಲಿ ಶೇಕಡಾ 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿದೆ. ನೂರು ಮಕ್ಕಳ ಪಂಕ್ತಿಯಲ್ಲಿ ಏಳು ಮಕ್ಕಳು.

ನನ್ನ ಬಿನ್ನಹ ನಾಲ್ಕು.

ಒಂದು, ಪೂಜ್ಯರ ಬಾಯಿಂದ ಒಂದು ಮಾತು ಬರಲಿ: ಮನಸ್ಸಿನ ಕಾಯಿಲೆಯೂ ಕಾಯಿಲೆಯೇ, ಅದಕ್ಕೆ ವೈದ್ಯರಿದ್ದಾರೆ, ಅದು ಪೂರ್ವಜನ್ಮದ ಕರ್ಮವಲ್ಲ, ಮನೆತನಕ್ಕೆ ಕಳಂಕವಲ್ಲ. ನಾವು ಹತ್ತು ಭಾಷಣದಲ್ಲಿ ಹೇಳಿದರೆ ಬಾರದ ಧೈರ್ಯ ಸ್ವಾಮಿಗಳ ಒಂದು ಮಾತಿನಿಂದ ಭಕ್ತರಿಗೆ ಬರುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೂ ಹದಿಹರೆಯದವರಿಗೂ ಪ್ರತ್ಯೇಕ ವಿಭಾಗವಿದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಇದೆ. 14416ಕ್ಕೆ ಫೋನ್ ಮಾಡಿದರೆ ಟೆಲಿ ಮನಸ್ ಸೇವೆಯವರು ಕನ್ನಡದಲ್ಲಿ ಮಾತಾಡುತ್ತಾರೆ, ಖರ್ಚಿಲ್ಲ. ಈ ಸಂಖ್ಯೆ ಪ್ರತಿ ಪ್ರಸಾದ ನಿಲಯದ ಗೋಡೆಯ ಮೇಲೆ ಬರಲಿ.

ಎರಡು, ತಿಂಗಳ ಶಿವಾನುಭವ ಗೋಷ್ಠಿಗಳಲ್ಲಿ ವರ್ಷಕ್ಕೆ ಒಂದೆರಡಾದರೂ ತಂದೆತಾಯಿಗಳಿಗೆ ಮೀಸಲಾಗಲಿ. ಅಲ್ಲಿ ನನ್ನಂಥವರ ಉಪನ್ಯಾಸ ಬೇಡ. ಒಬ್ಬ ಮನೋವೈದ್ಯರು, ಚಿಕಿತ್ಸೆ ಮಾಡಿಸಿದ ಇಬ್ಬರು ಪೋಷಕರು, ಒಪ್ಪುವುದಾದರೆ ಚೇತರಿಸಿಕೊಂಡ ಒಬ್ಬ ಯುವಕನೋ ಯುವತಿಯೋ ಮಾತಾಡಲಿ. ಮಿಕ್ಕವರು ಕೇಳಲಿ.

ಮೂರು, ದಾಸೋಹದ ಅರ್ಥ ಇಲ್ಲಿಗೂ ಹಬ್ಬಲಿ. ಆಸ್ಪತ್ರೆಯ ವರಾಂಡದಲ್ಲಿ ಮಗುವಿನ ಜೊತೆಗಿರುವ ತಾಯಿಗೆ ಎರಡು ಹೊತ್ತಿನ ರೊಟ್ಟಿ, ಸ್ನಾನಕ್ಕೊಂದು ಜಾಗ, ಮನೆಯಲ್ಲಿ ಉಳಿದ ಚಿಕ್ಕ ಮಕ್ಕಳಿಗೆ ನಿಲಯದಲ್ಲಿ ಒಂದು ತಿಂಗಳ ಆಸರೆ, ತಪ್ಪಿದ ಕೂಲಿಗೆ ಒಂದಿಷ್ಟು ನೆರವು. ದೊಡ್ಡ ಕಟ್ಟಡ ಬೇಕಿಲ್ಲ. ಸಾಮೂಹಿಕ ಮದುವೆ ಮಾಡಿಸುವ ಶಕ್ತಿಯಿರುವ ಮಠಗಳಿಗೆ ಇದು ಭಾರವಲ್ಲ. ಬಸವ ಬಳಗದ ಸದಸ್ಯರು ಸರದಿಯಲ್ಲಿ ಹೋಗಿ ಆ ತಾಯಿಯ ಹತ್ತಿರ ಒಂದು ತಾಸು ಕುಳಿತು ಬಂದರೂ ಅದು ದಾಸೋಹವೇ.

ನಾಲ್ಕು, ಯಾವುದೇ ಕೇಂದ್ರಕ್ಕೆ ಮಗುವನ್ನು ಸೇರಿಸುವ ಭಕ್ತರಿಗೆ ಐದು ಪ್ರಶ್ನೆ ಕೇಳಲು ಕಲಿಸೋಣ. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನಿಮ್ಮ ನೋಂದಣಿಯಾಗಿದೆಯೇ? ಮನೋವೈದ್ಯರು ಯಾರು, ಎಷ್ಟು ದಿನಕ್ಕೊಮ್ಮೆ ನೋಡುತ್ತಾರೆ? ಮಕ್ಕಳನ್ನು ದೊಡ್ಡವರಿಂದ ಬೇರೆ ಇಡುತ್ತೀರಾ? ನಾವು ಜೊತೆಗಿರಬಹುದೇ? ಹೊಡೆಯುವುದು, ಕಟ್ಟುವುದು ಇದೆಯೇ? "ನೀವು ಬರಬೇಡಿ" ಎಂದು ಹೇಳುವವರ ಕೈಗೆ ಮಗುವನ್ನು ಕೊಡಬಾರದು. ಅದು ಚಿಕಿತ್ಸೆಯ ಜಾಗವಲ್ಲ.

ಕೊನೆಯ ಮಾತು

ಗೋಷ್ಠಿಯಲ್ಲಿ ಸಿಕ್ಕಿದ್ದ ಆ ರೈತರ ಮನೆಗೆ ಮರುದಿನ ಹೋದೆ. ನನ್ನ ಮಗನ ಕಥೆಯನ್ನೆಲ್ಲ ಹೇಳಿದೆ. ಪುಣೆಯ ಸುಳ್ಳಿನಂಥದೇ ನಾನೂ ಒಂದು ಹೇಳಿದ್ದೆ ಎಂದೆ. ಬಹಳ ಹೊತ್ತು ಸುಮ್ಮನಿದ್ದ ಅವರು, "ಹೋಗಿ ನೋಡಿದ್ರ ಅಂವಾ ಮನಿಗೆ ಬರ್ತೀನಂತ ಅಳ್ತಾನಲ್ರಿ ಮಾಸ್ತರ. ನೋಡಾಕ ಆಗೂದಿಲ್ಲ" ಎಂದರು. ಸಿಟ್ಟಲ್ಲ, ಮರ್ಯಾದೆಯ ಚಿಂತೆಯೂ ಅಲ್ಲ, ಆ ಬೀಗದ ಹಿಂದೆ ಇದ್ದದ್ದು ಈ ಅಂಜಿಕೆ. ನಾವಿಬ್ಬರೂ ಕೂಡಿ ಹೋಗಿ ಹುಡುಗನನ್ನು ಕರೆತಂದೆವು. ಈಗ ಅವನು ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಔಷಧಿ ಪಡೆಯುತ್ತಿದ್ದಾನೆ. ನಡುವೆ ಒಮ್ಮೆ ಮತ್ತೆ ಜಾರಿದ, ಮತ್ತೆ ಎದ್ದಿದ್ದಾನೆ. ದಾರಿ ಉದ್ದವಿದೆ. ಆದರೆ ತಂದೆ ಪ್ರತಿ ಸಲವೂ ಜೊತೆಗೆ ಹೋಗುತ್ತಾರೆ.

ನನ್ನ ಮಗ ಈಗ ಬಿ.ಕಾಂ. ಎರಡನೇ ವರ್ಷದಲ್ಲಿದ್ದಾನೆ. ಮಾತ್ರೆ ಒಂದಕ್ಕಿಳಿದಿದೆ. ಕೆಲವು ದಿನ ಚೆನ್ನಾಗಿರುತ್ತಾನೆ, ಕೆಲವು ದಿನ ಮಂಕಾಗಿರುತ್ತಾನೆ. ಮಂಕಾದ ದಿನ ಹೇಳುತ್ತಾನೆ. ಅವನ ಕರಡಿಗೆ ದೇವರ ಮನೆಯಲ್ಲೇ ಇದೆ, ಅವನು ಇನ್ನೂ ಧರಿಸಿಲ್ಲ. ನಾನು ಕೇಳಿಲ್ಲ. ಲಿಂಗವನ್ನು ಒತ್ತಾಯದಿಂದ ಕೊರಳಿಗೆ ಹಾಕಬಹುದು, ಮನಸ್ಸಿಗೆ ಹಾಕಲಾಗದು ಎಂಬುದು ನನಗೆ ಈಗ ಗೊತ್ತು. ದಿನವೂ ಬೆಳಗ್ಗೆ ನಾನು ಪೂಜೆಗೆ ಕೂತಾಗ ಅವನು ಬಂದು ಬಾಗಿಲ ಹತ್ತಿರ ಕೂರುತ್ತಾನೆ, ಪೂಜೆ ಮುಗಿಯುವವರೆಗೆ. ಆಮೇಲೆ ಇಬ್ಬರೂ ಚಹಾ ಕುಡಿಯುತ್ತೇವೆ. ಅವನು ಮಾತಾಡಿದರೆ ನಾನು ಕೇಳುತ್ತೇನೆ.

ಶರಣು ಶರಣಾರ್ಥಿ.